43 ಪುಟದ ಫೈಲು, ಒಂದು ಪ್ರಶ್ನೆ

ಅಪ್ಪನಿಗೆ ತಲೆ ಸುತ್ತು ಶುರುವಾಗಿ ಮೂರು ವಾರ ಆಗಿತ್ತು. ಡಾಕ್ಟರ ಹತ್ತಿರ ಹೋಗುವ ಹಿಂದಿನ ರಾತ್ರಿ ಕೂತು ಫೈಲ್ ಜೋಡಿಸಿದೆ. ಐದು ವರ್ಷದ ರಕ್ತಪರೀಕ್ಷೆ, ಎರಡು ಇಸಿಜಿ, ಕಣ್ಣಿನ ರಿಪೋರ್ಟು, ಯಾವುದೋ ಕಾಲದ ಮಂಡಿ ಎಕ್ಸ್‌ರೇ, ಮಾತ್ರೆ ಚೀಟಿಗಳು. ಎಲ್ಲ ತಾರೀಖಿನ ಪ್ರಕಾರ. ಒಟ್ಟು 43 ಪುಟ. ಪ್ರತಿ ಪುಟದ ಮೂಲೆಯಲ್ಲಿ ನಂಬರ್ ಹಾಕಿದೆ. ಸ್ವಲ್ಪ ಏರುಪೇರು ಕಂಡ ಅಂಕಿಗಳಿಗೆಲ್ಲ ಹಳದಿ ಹೈಲೈಟರ್ ಎಳೆದೆ. ಮುಗಿಯುವ ಹೊತ್ತಿಗೆ ಫೈಲೇ ಹಳದಿಯಾಗಿತ್ತು.

ಡಾಕ್ಟರು ಫೈಲನ್ನು ತೂಕ ನೋಡುವವರ ಹಾಗೆ ಒಮ್ಮೆ ಎತ್ತಿ, ತೆರೆಯದೆ ಮೇಜಿನ ಮೇಲಿಟ್ಟರು. ಅಪ್ಪನ ಕಡೆ ತಿರುಗಿದರು.

"ಯಾವಾಗ ಸುತ್ತುತ್ತೆ? ಮಲಗಿದ್ದಾಗಲಾ, ಎದ್ದಾಗಲಾ?"

"ಎದ್ದಾಗ ಡಾಕ್ಟ್ರೇ. ಬೆಳಿಗ್ಗೆ ಹಾಸಿಗೆಯಿಂದ ಏಳ್ತೀನಲ್ಲ, ಆಗ."

ಮಲಗಿಸಿ ಬಿ.ಪಿ. ನೋಡಿದರು. ಎದ್ದು ನಿಲ್ಲಿಸಿ ಮತ್ತೆ ನೋಡಿದರು. ನಿಂತಾಗ ಸಾಕಷ್ಟು ಇಳಿದಿತ್ತು. "ಇತ್ತೀಚೆಗೆ ಏನಾದ್ರೂ ಹೊಸ ಮಾತ್ರೆ ಸೇರಿದ್ಯಾ?" ಅಂತ ಕೇಳಿ, ಆಮೇಲಷ್ಟೇ ಫೈಲ್ ತೆರೆದರು. ಅದೂ ಹಿಂದಿನಿಂದ. 41ನೇ ಪುಟಕ್ಕೆ ಕೈ ನಿಂತಿತು. ಮೂತ್ರದ ತೊಂದರೆಗೆ ಬೇರೆ ಡಾಕ್ಟರು ಬರೆದುಕೊಟ್ಟಿದ್ದ ಚೀಟಿ. ರಾತ್ರಿ ಒಂದು ಮಾತ್ರೆ. ಆ ಥರದ ಮಾತ್ರೆ ರಕ್ತನಾಳಗಳನ್ನೂ ಸಡಿಲ ಮಾಡುತ್ತದಂತೆ. ಮೊದಲೇ ಬಿ.ಪಿ. ಮಾತ್ರೆ ತಗೊಳ್ಳುವವರಿಗೆ ಥಟ್ಟನೆ ಎದ್ದು ನಿಂತಾಗ ತಲೆ ಸುತ್ತಬಹುದು.

ಆ ಪುಟಕ್ಕೆ ನಾನು ಹಳದಿ ಎಳೆದೇ ಇರಲಿಲ್ಲ. ಎಳೆಯೋಕೆ ಅದರಲ್ಲಿ ಅಂಕಿಯೇ ಇರಲಿಲ್ಲವಲ್ಲ.

ಇಡೀ ಭೇಟಿ ಹತ್ತು ನಿಮಿಷದಲ್ಲಿ ಮುಗಿಯಿತು. ಆಚೆ ಬಂದಮೇಲೆ ಅಪ್ಪನಿಗೆ ಸಮಾಧಾನ, ನನಗೆ ಮಾತ್ರ ತಲೆಯಲ್ಲಿ ಹುಳ ಬಿಟ್ಟ ಹಾಗಾಗಿತ್ತು. ಮಾಹಿತಿ ಡಾಕ್ಟರ ಹತ್ತಿರವೂ ಇತ್ತು, ನನ್ನ ಹತ್ತಿರವೂ ಇತ್ತು. ಹಾಗೆ ನೋಡಿದರೆ ನನ್ನ ಹತ್ತಿರವೇ ಜಾಸ್ತಿ ಇತ್ತು. ಆದರೆ ಅವರು ಅದರಲ್ಲಿ ಬೇಕಾದ್ದನ್ನು ಎತ್ತಿಕೊಂಡರು, ನಾನು ಎಲ್ಲವನ್ನೂ ಹೊತ್ತುಕೊಂಡು ಹೋಗಿದ್ದೆ. ಈ ಎತ್ತಿಕೊಳ್ಳುವ ಕೆಲಸ ತಲೆಯೊಳಗೆ ಎಲ್ಲಿ ನಡೆಯುತ್ತದೆ, ಹೇಗೆ ನಡೆಯುತ್ತದೆ ಅಂತ ಸುಮ್ನೆ ಓದೋಕೆ ಶುರು ಮಾಡಿದೆ. ನಾನೇನು ವಿಜ್ಞಾನಿಯಲ್ಲ. ಓದುತ್ತಾ ಹೋದ ಹಾಗೆ ನಾನು ಅಂದುಕೊಂಡಿದ್ದ ಒಂದು ವಿಷಯ ತಲೆಕೆಳಗಾಯಿತು. ಅದನ್ನು ಹೇಳಲಿಕ್ಕೇ ಈ ಬರಹ.

ಎಲ್ಲಿ ಅನ್ನುವುದಕ್ಕೆ ಉತ್ತರ ಸುಲಭ. ಹಣೆಯ ಹಿಂದೆ. ಮೆದುಳಿನ ಮುಂಭಾಗದ ಹಾಲೆ, ಅದರಲ್ಲೂ ಪ್ರೀಫ್ರಾಂಟಲ್ ಕಾರ್ಟೆಕ್ಸ್ ಅನ್ನುವ ಜಾಗ. ಒಂದೇ ಕಡೆ ಎಲ್ಲ ಕೆಲಸವೂ ನಡೆಯುತ್ತದೆ ಅಂತಲ್ಲ, ಆದರೆ ಈ ಆಯ್ಕೆಯ ಕೆಲಸದಲ್ಲಿ ಅದರ ಪಾಲು ದೊಡ್ಡದು. ಈ ಜಾಗದ ಬಗ್ಗೆ ಬರೆಯುವವರೆಲ್ಲ 1848ರಲ್ಲಿ ಕಬ್ಬಿಣದ ಸಲಾಕೆ ತಲೆಬುರುಡೆ ತೂರಿಕೊಂಡು ಹೋದರೂ ಬದುಕಿದ ಫಿನಿಯಾಸ್ ಗೇಜ್ ಕತೆಯಿಂದಲೇ ಶುರು ಮಾಡುತ್ತಾರೆ. ನನಗೆ ಆ ಕತೆಗಿಂತ ಇನ್ನೊಂದು ಹೆಚ್ಚು ಹಿಡಿಸಿತು. ಅದರಲ್ಲಿ ಸಲಾಕೆ ಇಲ್ಲ. ಒಂದು ಅಡುಗೆಮನೆ ಇದೆ.

ವೈಲ್ಡರ್ ಪೆನ್‌ಫೀಲ್ಡ್ ಕೆನಡಾದ ಮಾಂಟ್ರಿಯಲ್‌ನಲ್ಲಿದ್ದ ಹೆಸರಾಂತ ಮೆದುಳು ಸರ್ಜನ್. 1928ರಲ್ಲಿ ಆತ ತನ್ನ ಸ್ವಂತ ಅಕ್ಕನಿಗೇ ಆಪರೇಷನ್ ಮಾಡಬೇಕಾಗಿ ಬಂತು. ಮೆದುಳಿನ ಬಲಗಡೆ ಮುಂಭಾಗದಲ್ಲಿ ಗಡ್ಡೆ. ಅದನ್ನು ತೆಗೆಯುವಾಗ ಸುತ್ತಲಿನ ಸಾಕಷ್ಟು ಭಾಗವೂ ಹೋಯಿತು. ಆಕೆ ಚೇತರಿಸಿಕೊಂಡಳು. ಮಾತು, ನೆನಪು, ನಡವಳಿಕೆ ಎಲ್ಲ ಸರಿಯಾಗಿಯೇ ಇದ್ದ ಹಾಗೆ ಕಾಣುತ್ತಿತ್ತು. ಒಂದು ವರ್ಷ ಕಳೆದ ಮೇಲೆ ಒಂದು ದಿನ ತಮ್ಮನನ್ನು ಊಟಕ್ಕೆ ಕರೆದಳು. ಮನೆಯವರು ನಾಲ್ಕು ಜನ, ಅತಿಥಿ ಒಬ್ಬ. ಹಿಂದೆ ಅವಳಿಗೆ ಇದೆಲ್ಲ ನೀರು ಕುಡಿದಷ್ಟು ಸುಲಭದ ಕೆಲಸ. ಊಟದ ಹೊತ್ತು ಹತ್ತಿರ ಬಂದಾಗ ತಮ್ಮ ಅಡುಗೆಮನೆಗೆ ಬಂದು ನೋಡುತ್ತಾನೆ: ಸಾಮಾನೆಲ್ಲ ಅಲ್ಲೇ ಇದೆ. ಒಂದೆರಡು ಒಲೆಯ ಮೇಲಿವೆ. ಮುಖ್ಯವಾದದ್ದು ಇನ್ನೂ ಶುರುವೇ ಆಗಿಲ್ಲ. ನಡುವೆ ಅವಳು ಕಂಗಾಲಾಗಿ ನಿಂತಿದ್ದಾಳೆ.

ಪ್ರತಿಯೊಂದನ್ನೂ ಮಾಡೋದು ಹೇಗೆ ಅಂತ ಅವಳಿಗೆ ಗೊತ್ತಿತ್ತು. ಈಗ ಯಾವುದು ಅನ್ನುವುದು ಮಾತ್ರ ಗೊತ್ತಾಗುತ್ತಿರಲಿಲ್ಲ. ನನ್ನ ಹಳದಿ ಫೈಲ್ ನೆನಪಾಯಿತು.

ಅದೇ ಮಾಂಟ್ರಿಯಲ್‌ನಲ್ಲಿ ಆಮೇಲೆ ಬ್ರೆಂಡಾ ಮಿಲ್ನರ್ ಅನ್ನುವ ವಿಜ್ಞಾನಿ ಇದನ್ನು ಇಸ್ಪೀಟಿನಂಥ ಕಾರ್ಡುಗಳಲ್ಲಿ ಹಿಡಿದು ತೋರಿಸಿದರು. ಕಾರ್ಡಿನ ಮೇಲೆ ಆಕಾರ, ಬಣ್ಣ, ಎಷ್ಟಿವೆ ಅನ್ನುವ ಲೆಕ್ಕ, ಮೂರೂ ಇರುತ್ತವೆ. ನೀವು ಜೋಡಿಸುತ್ತಾ ಹೋಗಬೇಕು. ಯಾವುದರ ಪ್ರಕಾರ ಅಂತ ಹೇಳುವುದಿಲ್ಲ, ಸರಿ ಅಥವಾ ತಪ್ಪು ಅಂತ ಮಾತ್ರ ಹೇಳುತ್ತಾರೆ. ಸ್ವಲ್ಪ ಹೊತ್ತಿನಲ್ಲಿ "ಓ, ಬಣ್ಣ" ಅಂತ ಹೊಳೆಯುತ್ತದೆ. ಸತತ ಹತ್ತು ಸರಿಯಾದ ಕೂಡಲೇ ಅವರು ಸದ್ದಿಲ್ಲದೆ ನಿಯಮ ಬದಲಿಸುತ್ತಾರೆ. ಈಗ ಆಕಾರ. ನಾವು ಎರಡು ಮೂರು ಸಲ ತಪ್ಪಿ, ಸರಿಮಾಡಿಕೊಳ್ಳುತ್ತೇವೆ. ಮೆದುಳಿನ ಮುಂಭಾಗಕ್ಕೆ ಪೆಟ್ಟಾದವರು ಬಣ್ಣವನ್ನೇ ಹಿಡಿದು ಕೂರುತ್ತಾರೆ. ತಪ್ಪು, ತಪ್ಪು, ತಪ್ಪು ಅಂದರೂ ಬಣ್ಣವೇ. 1963ರಲ್ಲಿ ಮಿಲ್ನರ್ ಪ್ರಕಟಿಸಿದ ಈ ಕೆಲಸದಿಂದ ಒಂದು ಸಂಗತಿ ಸ್ಪಷ್ಟವಾಯಿತು. ಅವರಿಗೆ ಆಕಾರ ಕಾಣುತ್ತಿರಲಿಲ್ಲ ಅಂತಲ್ಲ. ಅದು ಲೆಕ್ಕಕ್ಕೆ ಬರುತ್ತಿರಲಿಲ್ಲ, ಅಷ್ಟೆ.

ಕಣ್ಣಿಗೆ ಬೀಳುವುದು ಬೇರೆ, ಲೆಕ್ಕಕ್ಕೆ ಬರುವುದು ಬೇರೆ. ಇದನ್ನು ಮನೆಯಲ್ಲೇ ಒಂದು ಭಾನುವಾರ ಮಕ್ಕಳ ಮೇಲೆ ಪ್ರಯೋಗ ಮಾಡಿದೆ. ಅಕ್ಕನ ಮಕ್ಕಳು ಬಂದಿದ್ದರು. ಜಾನ್ ರಿಡ್ಲಿ ಸ್ಟ್ರೂಪ್ ಅನ್ನುವವರು 1935ರಲ್ಲಿ ಪ್ರಕಟಿಸಿದ ಪರೀಕ್ಷೆ ಅದು. ಸ್ಕೆಚ್ ಪೆನ್ ತಗೊಂಡು ಒಂದು ಹಾಳೆಯಲ್ಲಿ ಇಪ್ಪತ್ತು ಪದ ಬರೆದೆ. "ಕೆಂಪು" ಅಂತ ಹಸಿರು ಪೆನ್ನಲ್ಲಿ, "ನೀಲಿ" ಅಂತ ಕೆಂಪಲ್ಲಿ, "ಹಸಿರು" ಅಂತ ನೀಲಿಯಲ್ಲಿ. ಓದಬೇಡಿ, ಬಣ್ಣ ಮಾತ್ರ ಹೇಳಿ ಅಂದೆ.

ನಾಲ್ಕನೇ ಕ್ಲಾಸಿನ ದೊಡ್ಡವಳು ಭಾರೀ ಠೀವಿಯಿಂದ ಶುರು ಮಾಡಿದಳು. ಎರಡನೇ ಪದಕ್ಕೇ "ನೀ... ಅಯ್ಯೋ, ಕೆಂಪು!" ಆಮೇಲೆ ಪ್ರತಿ ಪದಕ್ಕೂ ಒಂದು ಗುಟುಕು ನುಂಗಿ, ಬೆರಳಿಟ್ಟು, ಮುಂದೆ ಹೋದಳು. ಅಪ್ಪನೂ ಸೇರಿಕೊಂಡರು. ಅವರದ್ದೂ ಅದೇ ಪಾಡು, ಜೊತೆಗೆ ಪೆನ್ನಿನ ಬಣ್ಣ ಸರಿಯಿಲ್ಲ ಅಂತ ತಕರಾರು. ನಾಲ್ಕೂವರೆ ವರ್ಷದ ಚಿಕ್ಕವನು ಬಂದು ಹಾಳೆ ಕಿತ್ತುಕೊಂಡ. ಹಸಿರು, ಕೆಂಪು, ನೀಲಿ, ಕೆಂಪು, ಹಸಿರು... ಒಂದೇ ಉಸಿರಿಗೆ ಮುಗಿಸಿ ನಮ್ಮ ಮುಖ ನೋಡಿದ. ಅವನಿಗೆ ಇನ್ನೂ ಅಕ್ಷರ ಬರುವುದಿಲ್ಲ.

ಅಕ್ಕ ಗೆದ್ದಿಲ್ಲ ತಾನು ಗೆದ್ದೆ ಅಂತ ಅವನು ಇಡೀ ದಿನ ಕುಣಿದ. ನನಗೆ ಅಲ್ಲಿ ಕಂಡದ್ದು ಬೇರೆ. ಓದಲು ಬರುವವರಿಗೆ ಓದದೇ ಇರೋದು ಸಾಧ್ಯವಿಲ್ಲ. ಪದ ಒಳಗೆ ಬಂದೇ ಬರುತ್ತದೆ. ಬೇಡ ಅಂದರೂ ಬರುತ್ತದೆ. ನಾವು ಮಾಡುವುದೆಲ್ಲ ಬಂದ ಮೇಲೆ ಮಾಡುವುದು.

ಈಗ ನನ್ನ ತಲೆಕೆಳಗಾದ ವಿಷಯಕ್ಕೆ ಬರುತ್ತೇನೆ. ಆಯ್ಕೆ ಅಂದರೆ ಬಾಗಿಲಲ್ಲಿ ಒಬ್ಬ ಕಾವಲುಗಾರ ನಿಂತಿರುತ್ತಾನೆ ಅಂತ ನಾನು ಅಂದುಕೊಂಡಿದ್ದೆ. ಬೇಕಾದವರನ್ನು ಒಳಗೆ ಬಿಡುತ್ತಾನೆ, ಬೇಡದವರನ್ನು ಆಚೆಯಿಂದಲೇ ಕಳಿಸುತ್ತಾನೆ. ತೀರಾ ಸುಳ್ಳಲ್ಲ ಅದು. ಅಂಥ ಕಾವಲು ಸ್ವಲ್ಪ ಮಟ್ಟಿಗೆ ಇದೆ. 1985ರಲ್ಲಿ ಮೊರಾನ್ ಮತ್ತು ಡೆಸಿಮೋನ್ ಕೋತಿಗಳ ಮೆದುಳಿನಲ್ಲಿ, ದೃಷ್ಟಿಗೆ ಸಂಬಂಧಪಟ್ಟ ಭಾಗದಲ್ಲೇ ಇದನ್ನು ಕಂಡರು. ಒಂದು ನರಕೋಶದ ಮುಂದೆ ಎರಡು ವಸ್ತು ಇದ್ದಾಗ, ಗಮನ ಕೊಡದ ವಸ್ತುವಿಗೆ ಅದು ಕಡಿಮೆ ಸ್ಪಂದಿಸುತ್ತಿತ್ತು. ಹಾಗಾಗಿ ಮುಂಭಾಗಕ್ಕೆ ತಲುಪುವಷ್ಟರಲ್ಲಿ ಎಲ್ಲ ಜರಡಿಯಾಗಿ, ಬೇಕಾದ್ದಷ್ಟೇ ಉಳಿದಿರುತ್ತದೆ ಅಂತ ಯಾರಿಗಾದರೂ ಅನ್ನಿಸುತ್ತದೆ, ಅಲ್ವಾ?

2013ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ವಲೆರಿಯೋ ಮಾಂಟೆ, ಡೇವಿಡ್ ಸುಸಿಲ್ಲೊ, ಕೃಷ್ಣ ಶೆಣೈ, ವಿಲಿಯಂ ನ್ಯೂಸಮ್ ಸೇರಿ ಪ್ರಕಟಿಸಿದ ಪ್ರಯೋಗ ಇದನ್ನೇ ನೇರವಾಗಿ ಕೇಳಿತು. ಕೋತಿಯ ಮುಂದೆ ಒಂದು ಪರದೆ. ಪರದೆಯಲ್ಲಿ ಚುಕ್ಕಿಗಳ ಗುಂಪು. ಕೆಲವು ಕೆಂಪು, ಕೆಲವು ಹಸಿರು. ಕೆಲವು ಎಡಕ್ಕೆ ಹರಿಯುತ್ತವೆ, ಕೆಲವು ಬಲಕ್ಕೆ, ಇನ್ನು ಕೆಲವು ಎಲ್ಲೆಂದರಲ್ಲಿ. ಪ್ರತಿ ಸಲ ಒಂದು ಸಣ್ಣ ಗುರುತು ತೋರಿಸುತ್ತಾರೆ. ಒಂದು ಗುರುತು ಬಂದರೆ "ಚಲನೆ ಯಾವ ಕಡೆ ಜಾಸ್ತಿ?" ಅಂತ ಅರ್ಥ. ಇನ್ನೊಂದು ಬಂದರೆ "ಬಣ್ಣ ಯಾವುದು ಜಾಸ್ತಿ?" ಅಂತ. ಕೋತಿ ಕಣ್ಣು ಹೊರಳಿಸಿ ಉತ್ತರ ಹೇಳಬೇಕು. ಒಂದೇ ಚುಕ್ಕಿಗಳ ಗುಂಪು, ಗುರುತು ಬದಲಾದರೆ ಉತ್ತರವೇ ಬದಲಾಗಬಹುದು. ಅದೇ ಹೊತ್ತಿಗೆ ಅದರ ಮೆದುಳಿನ ಮುಂಭಾಗದ ನರಕೋಶಗಳನ್ನು ಆಲಿಸುತ್ತಿದ್ದರು.

ಗುರುತು "ಚಲನೆ" ಅಂದಾಗ ಬಣ್ಣದ ಸುದ್ದಿ ಮುಂಭಾಗಕ್ಕೆ ಬರಬಾರದಿತ್ತು. ಬರುತ್ತಿತ್ತು. ಬೇಕಾದ ಸುದ್ದಿಯ ಹಾಗೆ ಅದೂ ಅಲ್ಲಿ ಸ್ಪಷ್ಟವಾಗಿ ಕಾಣುತ್ತಿತ್ತು. ಬಾಗಿಲಲ್ಲಿ ಯಾರೂ ತಡೆದಿರಲಿಲ್ಲ. ಆದರೆ ಬೇಕಾದ ಸುದ್ದಿ ಕ್ಷಣಕ್ಷಣಕ್ಕೂ ಕೂಡುತ್ತಾ ಹೋಗಿ ತೀರ್ಮಾನದ ಕಡೆ ತಳ್ಳುತ್ತಿತ್ತು. ಬೇಡದ್ದು ಬಂದು, ಒಂದು ಅಲುಗು ಅಲುಗಿಸಿ, ಏನೂ ಉಳಿಸದೆ ಹೋಗುತ್ತಿತ್ತು.

ಇದು ಹೇಗೆ ಸಾಧ್ಯ ಅಂತ ತಿಳಿಯಲು ಅವರು ಕಂಪ್ಯೂಟರಿನಲ್ಲಿ ಒಂದು ಕೃತಕ ನರಜಾಲ ಕಟ್ಟಿ ಅದಕ್ಕೂ ಅದೇ ಆಟ ಕಲಿಸಿದರು. ಜಾಲದೊಳಗೆ ಕಂಡ ಉಪಾಯ ನನಗೆ ಅರ್ಥವಾದದ್ದು ಒಂದು ಗೋಲಿಯನ್ನು ನೆನೆಸಿಕೊಂಡ ಮೇಲೆ. ಅರ್ಧ ಸೀಳಿದ ಪೈಪಿನೊಳಗೆ ಒಂದು ಗೋಲಿ ಇದೆ ಅಂತಿಟ್ಟುಕೊಳ್ಳಿ. ಪೈಪು ಸಮತಟ್ಟಾಗಿ ಮಲಗಿದೆ. ಗೋಲಿಯನ್ನು ಪೈಪಿನ ಗೋಡೆ ಕಡೆಗೆ ತಳ್ಳಿದರೆ ಸ್ವಲ್ಪ ಮೇಲೇರಿ ಮತ್ತೆ ಇದ್ದಲ್ಲಿಗೇ ಬರುತ್ತದೆ. ಪೈಪಿನ ಉದ್ದಕ್ಕೆ ತಳ್ಳಿದರೆ ಮುಂದೆ ಹೋಗಿ ಅಲ್ಲೇ ನಿಲ್ಲುತ್ತದೆ. ಮತ್ತೆ ತಳ್ಳಿದರೆ ಇನ್ನಷ್ಟು ಮುಂದೆ. ಪೈಪಿನ ಒಂದು ತುದಿ "ಎಡ", ಇನ್ನೊಂದು "ಬಲ". ಬಣ್ಣವೂ ತಳ್ಳುತ್ತದೆ, ಚಲನೆಯೂ ತಳ್ಳುತ್ತದೆ. ಯಾರ ತಳ್ಳು ಉದ್ದಕ್ಕೆ ಕೂಡುತ್ತದೆ, ಯಾರದ್ದು ಅಡ್ಡಕ್ಕೆ ಹೋಗಿ ವ್ಯರ್ಥವಾಗುತ್ತದೆ ಅನ್ನುವುದನ್ನು ಗುರುತು ನಿರ್ಧರಿಸುತ್ತದೆ. ಅಂದರೆ ಪ್ರಶ್ನೆ ನಿರ್ಧರಿಸುತ್ತದೆ. ಗೋಲಿಯ ಉದಾಹರಣೆ ನನ್ನದು, ನಿಜವಾದ ಲೆಕ್ಕ ಇದಕ್ಕಿಂತ ಸೂಕ್ಷ್ಮವಾಗಿದೆ. ಇಲಿಗಳ ಮೇಲೆ ಆಮೇಲೆ ನಡೆದ ಕೆಲಸದಲ್ಲಿ, ಒಂದೇ ಆಟವನ್ನು ಅಷ್ಟೇ ಚೆನ್ನಾಗಿ ಆಡುವ ಇಲಿಗಳು ಒಳಗೆ ಬೇರೆ ಬೇರೆ ಉಪಾಯ ಬಳಸುವುದೂ ಕಂಡಿದೆ. ಹಾಗಾಗಿ ಎಲ್ಲರ ತಲೆಯಲ್ಲೂ ಇದೊಂದೇ ದಾರಿ ಅಂತ ನಾನು ಹೇಳುತ್ತಿಲ್ಲ.

ಆದರೂ ಆ ದಿನ ಓದು ನಿಲ್ಲಿಸಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಡಾಕ್ಟರಿಗೆ ಅಪ್ಪನ ಮಂಡಿ ಕಾಣಲಿಲ್ಲವೇ? ಕುಂಟುತ್ತಾ ಒಳಗೆ ಬಂದದ್ದನ್ನು ನೋಡಿಯೇ ನೋಡಿರುತ್ತಾರೆ. ಅದು ತಳ್ಳಿತು, ಗೋಲಿ ಮೇಲೇರಿ ವಾಪಸ್ ಬಂತು. "ಎದ್ದಾಗ" ಅನ್ನುವ ಒಂದು ಪದ ಉದ್ದಕ್ಕೆ ತಳ್ಳಿತು.

ಹಾಗಾದರೆ ಪ್ರಶ್ನೆಯನ್ನು ಹಿಡಿದುಕೊಂಡಿರುವುದೇ ದೊಡ್ಡ ಕೆಲಸ. ಮುಂಭಾಗಕ್ಕೆ ಅದು ಚೆನ್ನಾಗಿ ಒಗ್ಗಿದೆ. 1971ರಲ್ಲೇ ಹ್ವಾಕಿನ್ ಫುಸ್ಟರ್ ಮತ್ತು ಗ್ಯಾರೆಟ್ ಅಲೆಕ್ಸಾಂಡರ್ ಇದರ ಮೊದಲ ಗುರುತು ಕಂಡಿದ್ದರು. ತಿಂಡಿ ಎಲ್ಲಿ ಬಚ್ಚಿಟ್ಟಿದ್ದಾರೆ ಅಂತ ಕೋತಿಗೆ ತೋರಿಸಿ, ಪರದೆ ಇಳಿಸಿ, ಕಾಯಿಸುತ್ತಾರೆ. ಕಣ್ಣಮುಂದೆ ಏನೂ ಇಲ್ಲದ ಆ ಹೊತ್ತಿನಲ್ಲೂ ಪ್ರೀಫ್ರಾಂಟಲ್‌ನ ಕೆಲವು ನರಕೋಶಗಳು ಮಿಡಿಯುತ್ತಲೇ ಇರುತ್ತವೆ. 2001ರಲ್ಲಿ ಇನ್ನೊಂದು ತಂಡ ಒಂದು ಹೆಜ್ಜೆ ಮುಂದೆ ಹೋಯಿತು. ಚಿತ್ರ ಯಾವುದೇ ಇರಲಿ, "ಒಂದೇ ಥರ ಇದ್ದರೆ ಆರಿಸು" ಅನ್ನುವ ನಿಯಮಕ್ಕೆ ಮಿಡಿಯುವ ನರಕೋಶಗಳು ಬೇರೆ, "ಬೇರೆ ಇದ್ದರೆ ಆರಿಸು" ಅನ್ನುವುದಕ್ಕೆ ಮಿಡಿಯುವವು ಬೇರೆ ಇದ್ದವು. ನಿಯಮಕ್ಕೇ ಒಂದು ನರಕೋಶ! ಇದನ್ನು ಓದಿದಾಗ ನನಗೆ ಮೈ ಜುಂ ಅಂದಿತು, ಸುಳ್ಳು ಹೇಳಲ್ಲ.

ಹಿಡಿತ ತಪ್ಪುವುದೂ ಸುಲಭ. ಏಮಿ ಆರ್ನ್‌ಸ್ಟೆನ್ ಅನ್ನುವ ವಿಜ್ಞಾನಿಯ ಹಲವು ವರ್ಷಗಳ ಕೆಲಸ ಹೇಳುವುದು ಇದನ್ನೇ. ಕೈಮೀರಿದ ಆತಂಕದಲ್ಲಿ ಡೋಪಮೈನ್, ನಾರ್‌ಅಡ್ರಿನಲಿನ್ ಅನ್ನುವ ಮೆದುಳಿನ ರಾಸಾಯನಿಕಗಳು ಅತಿಯಾಗಿ ಸುರಿದು, ಈ ಭಾಗದ ನರಕೋಶಗಳ ನಡುವಿನ ಸಂಪರ್ಕ ಆ ಹೊತ್ತಿಗೆ ಸಡಿಲವಾಗುತ್ತದೆ. ಎದ್ದು ಕಾಣುವ, ಕಿರುಚುವ ಸಂಗತಿಯೇ ಆಗ ಗೆಲ್ಲುತ್ತದೆ. ರಾತ್ರಿ ಹನ್ನೊಂದಕ್ಕೆ ಹೈಲೈಟರ್ ಹಿಡಿದು ಕೂತಿದ್ದ ನನಗೆ ಇದನ್ನು ಯಾರಾದರೂ ಹೇಳಬೇಕಿತ್ತು. ರಿಪೋರ್ಟಿನಲ್ಲಿ ದಪ್ಪಕ್ಷರದಲ್ಲಿ ಅಚ್ಚಾಗಿದ್ದ ಅಂಕಿಗಳೆಲ್ಲ ನನಗೆ ಕಿರುಚುತ್ತಿದ್ದವು. ನಾನು ಕಿರುಚಿದವರಿಗೆಲ್ಲ ಹಳದಿ ಹಚ್ಚಿದೆ.

ಇದರ ಇನ್ನೊಂದು ತುದಿಯೂ ಇದೆ. ಅಲ್ಲಿ ಏನೂ ಕಿರುಚುವುದಿಲ್ಲ, ಎಲ್ಲವೂ ಒಂದೇ ದನಿಯಲ್ಲಿ ಮಾತಾಡುತ್ತವೆ. ನರವೈದ್ಯ ಆಂಟೋನಿಯೊ ಡಮಾಸಿಯೊ ತಮ್ಮ ಒಬ್ಬ ರೋಗಿಯ ಬಗ್ಗೆ ಬರೆದಿದ್ದಾರೆ. ಹಣೆಯ ಹಿಂದೆ, ಕಣ್ಣಿನ ಮೇಲ್ಗಡೆ ನಡುವಿನ ಭಾಗ ಹಾಳಾದವರು. ಮುಂದಿನ ಭೇಟಿಗೆ ಎರಡು ತಾರೀಖು ಕೊಟ್ಟು, ಯಾವುದು ಅನುಕೂಲ ಅಂತ ಕೇಳಿದರು. ಎರಡರ ನಡುವೆ ಕೆಲವೇ ದಿನ ಅಂತರ. ಆತ ಡೈರಿ ತೆಗೆದ. ಆ ದಿನ ಬೇರೆ ಕೆಲಸ ಇದೆಯಾ, ಅದರ ಹಿಂದೆ ಮುಂದೆ ಏನಿದೆ, ಹವಾಮಾನ ಹೇಗಿರಬಹುದು... ಒಂದೊಂದೇ ಕಾರಣ ಹೇಳುತ್ತಾ, ತೂಗುತ್ತಾ ಸುಮಾರು ಅರ್ಧ ಗಂಟೆ ಕೂತ. ಪ್ರತಿ ಕಾರಣವೂ ಸರಿಯಾದದ್ದೇ. ಕೇಳುತ್ತಿದ್ದವರು ಮೇಜು ಕುಟ್ಟದೆ ತಡೆದುಕೊಂಡದ್ದೇ ಹೆಚ್ಚು. ಕೊನೆಗೆ ಡಮಾಸಿಯೊ, ಎರಡನೇ ತಾರೀಖಿಗೆ ಬನ್ನಿ ಅಂದರು. "ಸರಿ" ಅಂದು ಡೈರಿ ಜೇಬಿಗೆ ಹಾಕಿಕೊಂಡು ಆತ ಹೊರಟೇಹೋದ.

ಆ ಭಾಗ ಆಯ್ಕೆಗಳಿಗೆ ಬೆಲೆ ಕಟ್ಟುತ್ತದೆ, ಇದು ಮುಖ್ಯ, ಇದು ಅಷ್ಟೇನಲ್ಲ ಅನ್ನುವ ರುಚಿ ಹಚ್ಚುತ್ತದೆ ಅನ್ನುತ್ತಾರೆ. ಆ ರುಚಿ ಇಲ್ಲದಿದ್ದರೆ ಬುದ್ಧಿ ಎಷ್ಟಿದ್ದರೂ ತೂಗುವುದು ಮುಗಿಯುವುದಿಲ್ಲ. ಒಂದು ಫೋನ್ ತಗೊಳ್ಳೋಕೆ ಎರಡು ರಾತ್ರಿ ಹದಿನೇಳು ಟ್ಯಾಬ್ ತೆರೆದು ಕೂತವರು ಈ ರೋಗಿಯನ್ನು ನೋಡಿ ನಗಬಾರದು. ನಾನು ನಗಲಿಲ್ಲ.

ಒಂದು ಪ್ರಶ್ನೆ ಮಾತ್ರ ಕೊರೆಯುತ್ತಲೇ ಇತ್ತು. ಬೇಡದ ಸುದ್ದಿ ಹೇಗೂ ವ್ಯರ್ಥವಾಗುವುದಾದರೆ ಅದನ್ನು ಅಷ್ಟು ದೂರ ಬಿಟ್ಟುಕೊಳ್ಳುವುದೇಕೆ? ಬಾಗಿಲಲ್ಲೇ ಗಟ್ಟಿಯಾಗಿ ತಡೆದರೆ ಶ್ರಮ ಉಳಿಯುತ್ತಿರಲಿಲ್ಲವೇ? ಆ ಕೋತಿಗೆ ಮುಂದಿನ ಸಲ ಬರುವ ಗುರುತು ಯಾವುದು ಅಂತ ಗೊತ್ತಿಲ್ಲ ಅನ್ನುವುದು ನೆನಪಿಗೆ ಬಂತು. ಈಗ ಚಲನೆ, ಮರುಕ್ಷಣ ಬಣ್ಣ. ನನ್ನ ಊಹೆ ಇಷ್ಟೇ: ಪ್ರಶ್ನೆ ಯಾವಾಗ ಬೇಕಾದರೂ ಬದಲಾಗುವ ಕಡೆ ಬಾಗಿಲು ಹಾಕಿಕೊಂಡು ಕೂರೋದು ಜಾಣತನವಲ್ಲ.

ತಿಂಗಳ ನಂತರ ಮತ್ತೆ ಅದೇ ಡಾಕ್ಟರ ಹತ್ತಿರ ಹೋಗಬೇಕಿತ್ತು. ಈ ಸಲ ಫೈಲ್ ಒಯ್ಯಲಿಲ್ಲ. ಒಂದು ಚೀಟಿಯಲ್ಲಿ ಒಂದೇ ಸಾಲು ಬರೆದೆ: "ಎದ್ದಾಗ ಸುತ್ತು ನಿಂತಿದೆ. ರಾತ್ರಿ ಮಾತ್ರೆ ಹೀಗೇ ಮುಂದುವರಿಸಬೇಕೇ?" ಬರೆದದ್ದಕ್ಕೆ ಒಳಗೊಳಗೇ ಹೆಮ್ಮೆ. ಚೀಟಿಯನ್ನು ಅಪ್ಪನ ಜೇಬಿಗೆ ಇಟ್ಟೆ.

ಡಾಕ್ಟರು ಚೀಟಿ ತಗೊಂಡು ಓದಿದರು. ನನ್ನ ಸಾಲಿಗೆ ತಲೆ ಆಡಿಸಿ, "ಹೀಗೇ ಇರಲಿ" ಅಂದರು. ಆದರೆ ಚೀಟಿ ಕೆಳಗಿಡಲಿಲ್ಲ. ಬಗ್ಗಿ ನೋಡಿದೆ. ನನ್ನ ಸಾಲಿನ ಕೆಳಗೆ, ಪೆನ್ಸಿಲಿನಲ್ಲಿ, ಅಪ್ಪನ ಅಂಕುಡೊಂಕು ಅಕ್ಷರದಲ್ಲಿ ಇನ್ನೆರಡು ಪದ ಇದ್ದವು. "ಕಾಲು ಊತ."

"ಇದೇನಪ್ಪಾ, ನನಗೆ ಹೇಳಲೇ ಇಲ್ಲ?" ಅಂದೆ.

"ನೀನು ಕೇಳಿದ್ದು ತಲೆ ಸುತ್ತಿನ ವಿಷಯ ಅಲ್ವಾ" ಅಂದರು ಅಪ್ಪ.

ಡಾಕ್ಟರು ಅಷ್ಟರಲ್ಲಿ ಕುರ್ಚಿ ಹಿಂದೆ ಸರಿಸಿ ಕೆಳಗೆ ಬಗ್ಗಿದ್ದರು. ಅಪ್ಪನ ಕಣಕಾಲಿನ ಮೇಲೆ ಹೆಬ್ಬೆರಳಿಟ್ಟು ಒತ್ತಿ ಹಿಡಿದು, ಮೆಲ್ಲಗೆ ಬಿಟ್ಟು, ಗುಳಿ ಉಳಿಯುತ್ತದಾ ಅಂತ ನೋಡುತ್ತಿದ್ದರು.